ಕಾಲುವೆ ಹಿಡಿದು ಹೊರಟ ಒಂದು ಶನಿವಾರ: ಕ್ಯೋಟೋದಲ್ಲಿ ನಾನು ಸಕುರಾ ನೋಡಿದ್ದು ಹೀಗೆ

ಆಫೀಸ್ ಕೆಲಸದ ಮೇಲೆ ಜಪಾನಿನ ಒಸಾಕಾಗೆ ಹೋಗಿದ್ದೆ. ಎರಡು ವಾರದ ಓಡಾಟದಲ್ಲಿ ನನಗೆ ಅಂತ ಸಿಕ್ಕಿದ್ದು ಒಂದೇ ಶನಿವಾರ. ಅದೃಷ್ಟಕ್ಕೆ ಅದು ಏಪ್ರಿಲ್ ಮೊದಲ ವಾರ, ಸಕುರಾ, ಅಂದರೆ ಚೆರ್ರಿ ಹೂವು, ಪೂರ್ತಿ ಅರಳಿದ್ದ ಸಮಯ. ಜೊತೆಯವರೆಲ್ಲ ಕ್ಯೋಟೋಗೆ ಹೋಗು ಅಂದರು. ಅವರೇ, ಅಲ್ಲಿ ಜಾತ್ರೆ ಥರ ಜನ ಇರ್ತಾರೆ, ಬಸ್ಸಿನಲ್ಲಿ ಕಾಲಿಡೋಕೂ ಜಾಗ ಸಿಗಲ್ಲ ಅಂತ ಹೆದರಿಸಿದರು ಕೂಡ.

ಹಿಂದಿನ ರಾತ್ರಿ ಮ್ಯಾಪ್ ನೋಡುತ್ತಾ ಕೂತಿದ್ದಾಗ ಒಂದು ಸಣ್ಣ ನೀಲಿ ಗೆರೆ ಕಣ್ಣಿಗೆ ಬಿತ್ತು. ಬಿವಾ ಸರೋವರದಿಂದ ಬೆಟ್ಟ ಕೊರೆದು ಕ್ಯೋಟೋಗೆ ನೀರು ತರುವ ಕಾಲುವೆ ಅದು. ಅದರ ದಂಡೆಯಲ್ಲಿ ಬಹಳ ಕಡೆ ಚೆರ್ರಿ ಮರಗಳಿವೆ. ದೇವಸ್ಥಾನಗಳ ಪಟ್ಟಿ ಮಡಚಿಟ್ಟೆ. ನೀರು ಹೋದ ಕಡೆ ಹೋಗೋದು, ಬಸ್ ಹತ್ತೋದೇ ಬೇಡ ಅಂದುಕೊಂಡೆ.

ಬೆಳಗ್ಗೆ ಐದೂವರೆಗೆಲ್ಲ ರೈಲು ಹಿಡಿದೆ. ಅಲ್ಲಿ ರೈಲಿಗೆ ಬಳಸುವ ಕಾರ್ಡಿನ ಹೆಸರು ಇಕೋಕಾ. ಆ ಕಡೆಯ ಆಡುಮಾತಿನಲ್ಲಿ 'ಇಕೋ ಕಾ' ಅಂದರೆ 'ಹೋಗೋಣ್ವಾ' ಅಂತ ಅರ್ಥವಂತೆ. ಗೇಟಿಗೆ ಕಾರ್ಡ್ ತಾಗಿಸಿದಾಗಲೆಲ್ಲ ನನಗೆ ನಗು ಬರುತ್ತಿತ್ತು.

ಕ್ಯೋಟೋ ಸ್ಟೇಷನ್ನಿನಲ್ಲಿ ಇಳಿಯದೆ ಮುಂದಿನ ಯಮಾಶಿನಾದಲ್ಲಿ ಇಳಿದೆ. ಅಲ್ಲಿಂದ ಉತ್ತರಕ್ಕೆ ಹತ್ತು ನಿಮಿಷ ಏರಿದರೆ ಕಾಲುವೆ. ದಂಡೆಯ ಕೆಳಗೆ ಸಾಸಿವೆ ಜಾತಿಯ ಹಳದಿ ಹೂವು, ತಲೆ ಮೇಲೆ ತಿಳಿ ಗುಲಾಬಿ ಸಕುರಾ, ನಡುವೆ ಹಸಿರು ನೀರು. ಪ್ರವಾಸಿಗಳು ಅಂತ ಕಂಡವರು ಮೂರೋ ನಾಲ್ಕೋ ಮಂದಿ. ಮಿಕ್ಕವರೆಲ್ಲ ಊರಿನವರು. ನಾಯಿ ಹಿಡಿದುಕೊಂಡು ವಾಕಿಂಗ್ ಬಂದವರೇ ಜಾಸ್ತಿ. ಒಂದು ಕಡೆ ಆರೂವರೆಗೆ ಸರಿಯಾಗಿ ರೇಡಿಯೋದಲ್ಲಿ ಪಿಯಾನೋ ಶುರುವಾಯಿತು. ಏಳೆಂಟು ಮಂದಿ ವಯಸ್ಸಾದವರು ಅದರ ತಾಳಕ್ಕೆ ಕೈಕಾಲು ಆಡಿಸತೊಡಗಿದರು. ಹತ್ತು ನಿಮಿಷ ಆದ ಮೇಲೆ ಪರಸ್ಪರ ಬಗ್ಗಿ ನಮಸ್ಕಾರ ಮಾಡಿ ಮನೆ ಕಡೆ ನಡೆದರು. ತಲೆ ಮೇಲಿನ ಹೂವಿನ ಕಡೆ ಯಾರೂ ಕತ್ತೆತ್ತಲಿಲ್ಲ. ದಿನಾ ನೋಡೋರು, ಅಲ್ವಾ.

ಎಲ್ಲ ಮರಗಳೂ ಒಟ್ಟಿಗೇ ಹೇಗೆ ಅರಳುತ್ತವೆ ಅನ್ನೋದು ನನಗೆ ಮೊದಲಿನಿಂದಲೂ ಇದ್ದ ಪ್ರಶ್ನೆ. ಜಪಾನಿನಲ್ಲಿ ಹೆಚ್ಚಾಗಿ ಕಾಣುವ ತಳಿ ಸೊಮೇ ಯೋಶಿನೋ. ಅದನ್ನು ಬೀಜ ಹಾಕಿ ಬೆಳೆಸಲ್ಲ, ಕಸಿ ಕಟ್ಟಿಯೇ ಬೆಳೆಸುತ್ತಾರೆ. ನಮ್ಮ ಬಾದಾಮಿ ಮಾವಿನ ಹಾಗೆ. ಗುಣದಲ್ಲಿ ಎಲ್ಲ ಮರಗಳೂ ಒಂದೇ ಮರದ ನಕಲು. ಹಾಗಾಗಿ ಒಂದು ಬೀದಿಯ ಮರಗಳೆಲ್ಲ ಒಂದೇ ವಾರದಲ್ಲಿ ಅರಳುತ್ತವೆ, ಒಂದೇ ವಾರದಲ್ಲಿ ಉದುರುತ್ತವೆ. ಮಳೆ ಬಂದರೆ ಇನ್ನೂ ಬೇಗ. ನಮ್ಮ ಬೆಂಗಳೂರಿನಲ್ಲಿ ಮರ ನೆಟ್ಟವರು ಬೇರೆ ಲೆಕ್ಕ ಹಾಕಿದ್ದರು. ಒಂದು ಜಾತಿ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಎಲ್ಲೋ ಒಂದು ಕಡೆ ಹೂವಿರಬೇಕು ಅಂತ. ಅದಕ್ಕೇ ನಾವು ಹೂವು ನೋಡೋಕೆ ಅಂತ ರಜೆ ಹಾಕಲ್ಲವೇನೋ.

ಯಮಾಶಿನಾದಿಂದ ಮೆಟ್ರೋದಲ್ಲಿ ಎರಡನೇ ಸ್ಟಾಪ್ ಕೆಯಾಗೆ. ನನ್ನ ಮಟ್ಟಿಗೆ ದಿನದ ಅತಿ ಒಳ್ಳೆಯ ಭಾಗ ಇದೇ. ಇಲ್ಲಿ ಕಾಲುವೆ ಬೆಟ್ಟದಿಂದ ಸುಮಾರು 36 ಮೀಟರ್ ಕೆಳಗಿಳಿಯಬೇಕು. ದೋಣಿ ಹಾಗೆ ಇಳಿಯೋಕೆ ಆಗಲ್ಲ. ಅದಕ್ಕೆ 582 ಮೀಟರ್ ಉದ್ದದ ಇಳಿಜಾರಿನಲ್ಲಿ ಕಂಬಿ ಹಾಕಿದರು. ಸರಕು ತುಂಬಿದ ದೋಣಿಯನ್ನು ಗಾಲಿ ಬಂಡಿ ಮೇಲೆ ಕೂರಿಸಿ, ಹಗ್ಗ ಕಟ್ಟಿ ಎಳೆಯುತ್ತಿದ್ದರು, ಇಳಿಸುತ್ತಿದ್ದರು. 1948ರಲ್ಲಿ ಅದು ನಿಂತಿತು. ಕಂಬಿಗಳು ಇನ್ನೂ ಇವೆ. ಎರಡೂ ಕಡೆ ಚೆರ್ರಿ ಮರ, ನಡುವೆ ಕಂಬಿ ಮೇಲೆ ಜನ. ಏಳೂವರೆಗೆ ಆರಾಮಾಗಿ ನಡೆಯಬಹುದಿತ್ತು. ಎಂಟೂವರೆಗೆ ಮದುವೆ ಫೋಟೋ ತೆಗೆಸುವವರ ಸಾಲು ಶುರುವಾಯಿತು. ಹೋಗೋರಿದ್ದರೆ ಬೇಗ ಹೋಗಿ.

ರಾಜಧಾನಿ 1869ರಲ್ಲಿ ಟೋಕಿಯೋಗೆ ಹೋದ ಮೇಲೆ ಕ್ಯೋಟೋ ಸೊರಗಿತ್ತು. ಊರನ್ನು ಮತ್ತೆ ಎತ್ತಿ ನಿಲ್ಲಿಸೋಕೆ ಅಂತ 1885ರಲ್ಲಿ ಕಾಲುವೆ ಕೆಲಸ ಶುರು ಮಾಡಿದರು, 1890ರಲ್ಲಿ ಮುಗಿಸಿದರು. ಎಂಜಿನಿಯರ್ ತನಾಬೆ ಸಕುರೋ ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ. ನೀರಿನ ಚಕ್ರ ತಿರುಗಿಸಿ ಕಾರ್ಖಾನೆ ನಡೆಸೋದು ಮೊದಲ ಯೋಚನೆ. ನಡುವೆ ಅವನು ಅಮೆರಿಕಕ್ಕೆ ಹೋಗಿ ನೀರಿನಿಂದ ಕರೆಂಟ್ ತೆಗೆಯೋದನ್ನು ನೋಡಿ ಬಂದ. ಯೋಜನೆ ಬದಲಾಯಿತು. 1891ರಲ್ಲಿ ಕೆಯಾಗೆಯಲ್ಲಿ ವಿದ್ಯುತ್ ಕೇಂದ್ರ ಬಂತು, ದೋಣಿ ಎಳೆಯೋಕೂ ಅದೇ ಕರೆಂಟ್. ನಮ್ಮ ಶಿವನಸಮುದ್ರ ಬಂದಿದ್ದು 1902ರಲ್ಲಿ, ಕೋಲಾರದ ಚಿನ್ನದ ಗಣಿಗೆ ಅಂತ. ಹತ್ತೇ ಹತ್ತು ವರ್ಷ ಹೆಚ್ಚುಕಡಿಮೆ. ಮಂಡ್ಯ ಕಡೆಯವಳಾದ ನನಗೆ ಆ ಕೆಂಪು ಇಟ್ಟಿಗೆ ಕಟ್ಟಡ ನೋಡಿ ನೆಂಟರ ಮನೆಗೆ ಬಂದ ಹಾಗಾಯಿತು.

ಕಂಬಿಯ ಕೆಳಗೆ ಒಂದು ಪುಟ್ಟ ಸುರಂಗವಿದೆ. ಒಳಗೆ ಇಟ್ಟಿಗೆಗಳನ್ನು ನೆಟ್ಟಗೆ ಜೋಡಿಸದೆ ತಿರುಚಿ ಕಟ್ಟಿದ್ದಾರೆ. ಕತ್ತೆತ್ತಿದರೆ ತಲೆ ಸುತ್ತುತ್ತದೆ. ಅದನ್ನು ದಾಟಿದರೆ ನಾನ್ಜೆನ್‌ಜಿ ದೇವಾಲಯ. ಅದರ ಅಂಗಳದಲ್ಲೇ ಇಟ್ಟಿಗೆ ಕಮಾನುಗಳ ಮೇಲೆ ಕಾಲುವೆಯ ಒಂದು ಕವಲು ಹರಿಯುತ್ತದೆ. ದೇವಸ್ಥಾನ ಪೂರ್ತಿ ನೋಡಲಿಲ್ಲ. ಅದಕ್ಕೇ ಬೇರೆ ದಿನ ಬೇಕು.

ಆ ಕವಲೇ ಮುಂದೆ ತೆತ್ಸುಗಾಕು ನೋ ಮಿಚಿ, ಅಂದರೆ ತತ್ತ್ವಜ್ಞಾನಿಯ ಹಾದಿ. ಕ್ಯೋಟೋ ವಿಶ್ವವಿದ್ಯಾಲಯದ ನಿಶಿದಾ ಕಿತಾರೋ ಇಲ್ಲಿ ಯೋಚನೆ ಮಾಡುತ್ತಾ ಓಡಾಡುತ್ತಿದ್ದರು ಅನ್ನೋದರಿಂದ ಆ ಹೆಸರು. ಸುಮಾರು 2 ಕಿಲೋಮೀಟರ್. 1921ರಲ್ಲಿ ಚಿತ್ರಕಾರ ಹಾಶಿಮೊತೊ ಕಾನ್ಸೆತ್ಸು ಮತ್ತು ಅವರ ಹೆಂಡತಿ ಇಲ್ಲಿಗೆ ಚೆರ್ರಿ ಸಸಿ ಕೊಟ್ಟರು. ಮರಗಳನ್ನು ಆಮೇಲೆ ಬದಲಿಸಿದ್ದರೂ ಜನ ಈಗಲೂ ಕಾನ್ಸೆತ್ಸು ಸಕುರಾ ಅಂತಲೇ ಕರೆಯುತ್ತಾರೆ. ಕ್ಯೋಟೋದ ನದಿಗಳು ದಕ್ಷಿಣಕ್ಕೆ ಹರಿಯುತ್ತವೆ, ಈ ಕಾಲುವೆ ಮಾತ್ರ ಉತ್ತರಕ್ಕೆ. ನೀರಿನ ಮೇಲೆ ಚಾಪೆ ಹಾಸಿದ ಹಾಗೆ ತೇಲುವ ಹೂದಳಗಳನ್ನು ಹಾನಾ ಇಕಾದಾ, ಹೂವಿನ ತೆಪ್ಪ ಅನ್ನುತ್ತಾರೆ. ಅದರ ಜೊತೆಗೇ ನಡೆದೆ. ನನ್ನದೂ ಅದರದ್ದೂ ಹೆಚ್ಚುಕಡಿಮೆ ಒಂದೇ ವೇಗ.

ಹತ್ತು ಗಂಟೆಗೆ ಅಲ್ಲೂ ಜನ ತುಂಬಿತು. ಪಕ್ಕದ ಗಲ್ಲಿಗಳಿಗೆ ನುಗ್ಗಿದೆ. ಬಾಗಿಲ ಮುಂದೆ ನೀರು ತುಂಬಿಟ್ಟ ಕೆಂಪು ಬಕೆಟ್, ಬೆಂಕಿ ಬಿದ್ದರೆ ಅಂತ. ಬಾಲ್ಕನಿಯಲ್ಲಿ ಹಾಸಿಗೆ ಬಿಸಿಲಿಗೆ. ಒಬ್ಬ ಅಜ್ಜಿ ಮನೆ ಮುಂದೆ ಗುಡಿಸಿ ನೀರು ಚಿಮುಕಿಸುತ್ತಿದ್ದರು. ಒಂದು ರಂಗೋಲಿ ಇದ್ದಿದ್ದರೆ ಮಂಡ್ಯವೇ. ಪಕ್ಕದ ಮನೆಯ ಗಡಿ ದಾಟಿ ಒಂದಡಿಯಷ್ಟು ಗುಡಿಸಿ ನಿಲ್ಲಿಸಿದರು. ಅದು ಅಲ್ಲಿನ ರೂಢಿ ಅಂತ ಆಮೇಲೆ ತಿಳಿಯಿತು. ತನ್ನದಷ್ಟೇ ಗುಡಿಸಿದರೆ ಜಿಪುಣತನ, ಪೂರ್ತಿ ಗುಡಿಸಿದರೆ ಅಧಿಕಪ್ರಸಂಗ.

ಊಟದ ವಿಷಯ ಹೇಳಲೇಬೇಕು. ನಾನು ಮೀನು, ಮಾಂಸ ತಿನ್ನಲ್ಲ. ಜಪಾನಿನಲ್ಲಿ ತರಕಾರಿ ಸೂಪಿನಲ್ಲೂ ದಾಶಿ ಇರುತ್ತದೆ, ಬಹುಪಾಲು ಒಣ ಮೀನಿನ ಸಾರು. ಕೇಳಿ ಕೇಳಿ ಸಾಕಾಗಿ ಒಂದು ಉಪಾಯ ಮಾಡಿದ್ದೆ. ಕನ್ವೀನಿಯನ್ಸ್ ಅಂಗಡಿಯಲ್ಲಿ ಬರೀ ಉಪ್ಪು ಹಾಕಿದ ಅನ್ನದ ಉಂಡೆ ಸಿಗುತ್ತದೆ, ಶಿಯೋ ಮುಸುಬಿ ಅಂತ. ಅದಕ್ಕೆ ಊರಿಂದ ತಂದ ಪುಳಿಯೋಗರೆ ಗೊಜ್ಜು. ಅನ್ನ ಸ್ವಲ್ಪ ಅಂಟು, ಆದರೂ ಚೆನ್ನಾಗಿಯೇ ಇತ್ತು. ಸಿಹಿಗೆ ಸಕುರಾ ಮೋಚಿ. ಕ್ಯೋಟೋ ಕಡೆ ಅದನ್ನು ತರಿತರಿ ಅಕ್ಕಿಯಲ್ಲಿ ಮಾಡುತ್ತಾರೆ. ಒಳಗೆ ಸಿಹಿ ಕಾಳಿನ ಹೂರಣ, ಹೊರಗೆ ಉಪ್ಪು ಹಾಕಿಟ್ಟ ಚೆರ್ರಿ ಎಲೆ. ಅರಿಶಿನ ಎಲೆ ಕಡುಬು ತಿಂದವರಿಗೆ ಆ ಘಮ ಹೊಸದೇನಲ್ಲ. ಎಲೆ ಸಮೇತ ತಿನ್ನಬಹುದು, ನಾನು ತಿಂದೆ.

ಇಮಾದೆಗಾವಾ ರಸ್ತೆ ಹಿಡಿದು ಪಶ್ಚಿಮಕ್ಕೆ ನಡೆದು ಕಾಮೋ ನದಿ ಸೇರಿದೆ. ಎರಡು ನದಿ ಕೂಡುವ ಜಾಗ. ಮರದ ಕೆಳಗೆ ನೀಲಿ ಶೀಟ್ ಹಾಸಿ, ಚಪ್ಪಲಿ ಸಾಲಾಗಿ ಬಿಟ್ಟು, ಮನೆಮಂದಿಯೆಲ್ಲ ಡಬ್ಬಿ ಬಿಚ್ಚಿ ಕೂತಿದ್ದರು. ಮಕ್ಕಳು ಆಮೆ ಆಕಾರದ ಕಲ್ಲುಗಳ ಮೇಲೆ ಹಾರುತ್ತಾ ನದಿ ದಾಟುತ್ತಿದ್ದರು. ನಾನೂ ದಾಟಿದೆ. ಆಮೇಲೆ ದಡದಲ್ಲಿ ಕೂತು ಉಳಿದಿದ್ದ ಎರಡನೇ ಮೋಚಿ ತೆಗೆದೆ. ಬೆನ್ನ ಹಿಂದಿನಿಂದ ಏನೋ ಬೀಸಿದ ಹಾಗಾಯಿತು. ಕೈ ಖಾಲಿ! ಹದ್ದು. ಬೆಂಗಳೂರಿನ ಮಾಂಸದಂಗಡಿ ಮೇಲೆ ಸುತ್ತುತ್ತದಲ್ಲ, ಅದೇ ಜಾತಿ. ಪಕ್ಕದಲ್ಲೇ ಹದ್ದಿನ ಚಿತ್ರ ಹಾಕಿದ ಎಚ್ಚರಿಕೆ ಬೋರ್ಡ್ ಇತ್ತು, ನಾನು ಪಕ್ಷಿಧಾಮ ಅಂದುಕೊಂಡಿದ್ದೆ. ಆಚೆ ಶೀಟಿನ ಹೆಂಗಸು ಬಾಯಿ ಮುಚ್ಚಿಕೊಂಡು ನಕ್ಕು, ಮೂರು ಬಣ್ಣದ ಉಂಡೆ ಚುಚ್ಚಿದ ಒಂದು ಕಡ್ಡಿ ಕೊಟ್ಟರು. ಹಾನಾಮಿ ದಾಂಗೊ. ಗೋಡೆಗೆ ಬೆನ್ನು ಕೊಟ್ಟು ತಿಂದೆ.

ಕಸದ ಬುಟ್ಟಿ ಎಲ್ಲೂ ಇಲ್ಲ. ಕಡ್ಡಿ, ಕಾಗದ ಎಲ್ಲ ನನ್ನ ಬ್ಯಾಗಿನಲ್ಲೇ. ಒಂದು ಖಾಲಿ ಕವರ್ ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ಸಂಜೆ ಹೊತ್ತಿಗೆ ಕಾಲು ಬಿದ್ದುಹೋಗುವ ಹಾಗಿತ್ತು. ಹತ್ತಿರದ ಗಲ್ಲಿಯಲ್ಲಿ ಸೆಂತೋ, ಅಂದರೆ ಬೀದಿಯ ಸ್ನಾನದ ಮನೆ. ಹೆಂಗಸರ ಕಡೆಯ ಪರದೆ ಯಾವುದು ಅಂತ ಆ ಒಂದು ಅಕ್ಷರವನ್ನು ಮೊದಲೇ ಬಾಯಿಪಾಠ ಮಾಡಿದ್ದೆ. ಒಳಗೆ ಯಾರಿಗೂ ಮೈ ಮೇಲೆ ಬಟ್ಟೆಯಿಲ್ಲ. ಐದು ನಿಮಿಷ ಲಾಕರ್ ಮುಂದೆ ಸುಮ್ನೆ ನಿಂತಿದ್ದೆ. ಯಾರೂ ನನ್ನನ್ನು ನೋಡುತ್ತಿಲ್ಲ ಅಂತ ಗೊತ್ತಾದ ಮೇಲೆ ಒಳಗೆ ಹೋದೆ. ಮೊದಲು ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಾಕಿ ತೊಳೆದುಕೊಳ್ಳಬೇಕು, ಆಮೇಲೇ ತೊಟ್ಟಿ. ನೀರು ನಮ್ಮ ಹಂಡೆ ನೀರಿಗಿಂತ ಬಿಸಿ. ಪಕ್ಕದಲ್ಲಿದ್ದ ಅಜ್ಜಿ 'ಇಂದೋ?' ಅಂದರು, ಇಂಡಿಯಾನಾ ಅಂತ. 'ಹಾಯ್' ಅಂದೆ, ಜಪಾನೀ ಭಾಷೆಯಲ್ಲಿ ಹೌದು. ಅವರು ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ.