ರಾಜ್ಮಾ ಬೇಯಿಸುವಾಗ ಗಡಿಯಾರ ನೋಡಿ

ರಾಜ್ಮಾ ತಿಂದು ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ತೊಳಸಿ, ಮೇಲಿಂದ ಮೇಲೆ ವಾಂತಿಯಾಗಿ, ಹಿಂದೆಯೇ ಭೇದಿ ಶುರುವಾದರೆ ಎಲ್ಲರೂ ಬೈಯುವುದು ಎಣ್ಣೆ, ಮಸಾಲೆಯನ್ನು. ಕಾಳು ಸರಿಯಾಗಿ ಕುದಿಯಿತೇ ಎಂದು ಕೇಳುವವರು ಕಡಿಮೆ. ಕೆಂಪು ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ಲೆಕ್ಟಿನ್ ಇರುತ್ತದೆ. ಇದೊಂದು ಪ್ರೋಟೀನ್, ಕರುಳಿನ ಒಳಪದರಕ್ಕೆ ಅಂಟಿಕೊಂಡು ಅದನ್ನು ಕೆರಳಿಸುತ್ತದೆ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ಸಾಕು, ತೊಂದರೆ ಕಾಣಿಸಿಕೊಳ್ಳಬಹುದು. ಹಸಿ ಕಾಳಿನಲ್ಲಿ ಇದರ ಪ್ರಮಾಣ 20,000ದಿಂದ 70,000 ಯೂನಿಟ್‌ವರೆಗೆ ಇದ್ದರೆ, ಪೂರ್ತಿ ಬೆಂದ ಕಾಳಿನಲ್ಲಿ 200ರಿಂದ 400ಕ್ಕೆ ಇಳಿಯುತ್ತದೆ. ಇಳಿಸುವುದು ಕುದಿ ಮಾತ್ರ.

ಬಿಳಿ ರಾಜ್ಮಾದಲ್ಲಿ ಲೆಕ್ಟಿನ್ ಸುಮಾರು ಮೂರನೇ ಒಂದು ಭಾಗವಷ್ಟೇ ಇದೆ. ಆದರೂ ಎರಡಕ್ಕೂ ಒಂದೇ ಕ್ರಮ ಇಟ್ಟುಕೊಳ್ಳಿ. ಬಣ್ಣ ನೋಡಿ ನಿಯಮ ಬದಲಿಸಲು ಹೋದರೆ ಬೆರಕೆ ಕಾಳಿನ ದಿನ ಎಡವಟ್ಟಾಗುತ್ತದೆ.

1. ಆರಿಸಿ, ತೊಳೆಯಿರಿ

ಕಲ್ಲು, ಮುರುಕಲು, ಹುಳು ಕೊರೆದದ್ದು ತೆಗೆಯಿರಿ. ವರ್ಷಗಟ್ಟಲೆ ಡಬ್ಬದಲ್ಲಿದ್ದ ಕಾಳನ್ನು ಹೊಸದರ ಜೊತೆ ಸೇರಿಸಬೇಡಿ. ಹೊಸದು ಕರಗಿ ಹೋಗುವ ಹೊತ್ತಿಗೂ ಹಳೆಯದು ಗಟ್ಟಿಯಾಗಿಯೇ ಉಳಿದಿರುತ್ತದೆ. ಆರೇಳು ಬಗೆಯ ಕಾಳು ಬೆರೆಸಿ ಮಾರುವ 'ಸೂಪ್ ಮಿಶ್ರಣ'ದ ಪೊಟ್ಟಣಗಳಲ್ಲೂ ಇದೇ ಸಮಸ್ಯೆ. ಬೇಗ ಬೇಯುವ ಕಾಳು ಮೆತ್ತಗಾಯಿತೆಂದು ಒಲೆ ಆರಿಸುತ್ತೇವೆ, ರಾಜ್ಮಾ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಕೊಳ್ಳದಿರುವುದೇ ಲೇಸು.

2. ನೆನೆಹಾಕಿ, ಆ ನೀರು ಚೆಲ್ಲಿ

ಒಂದು ಲೋಟ ಕಾಳಿಗೆ ನಾಲ್ಕು ಲೋಟ ನೀರು. ಕನಿಷ್ಠ ಐದು ಗಂಟೆ, ಎಂಟು ಗಂಟೆಯಾದರೆ ಇನ್ನೂ ಒಳ್ಳೆಯದು. ಸೆಕೆಗಾಲದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೊರಗಿಟ್ಟರೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ರಾತ್ರಿಯಿಡೀ ನೆನೆಯಬೇಕಿದ್ದರೆ ಫ್ರಿಜ್‌ನಲ್ಲಿಡಿ. ಒಂದು ಕಾಳನ್ನು ಎರಡಾಗಿ ಸೀಳಿ ನೋಡಿ. ನಡುವೆ ಬಿಳಿಚಿಕೊಂಡ ಒಣ ಭಾಗ ಕಂಡರೆ ಇನ್ನೂ ನೆನೆಯಬೇಕು.

ನೆನೆಸುವ ನೀರಿಗೆ ಲೀಟರಿಗೆ 10ರಿಂದ 15 ಗ್ರಾಂ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಸುಳ್ಳು. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿಡುವುದು ಪೆಕ್ಟಿನ್‌ಗೆ, ಅಂದರೆ ಸಸ್ಯದ ಕೋಶಗಳನ್ನು ಬೆಸೆಯುವ ಅಂಟಿಗೆ, ಅಂಟಿಕೊಂಡ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗ ಹಿಡಿದಾಗ ಸಿಪ್ಪೆ ಸಡಿಲಗೊಂಡು, ಬೇಯುವಾಗ ಒಡೆಯದೆ ಸಮನಾಗಿ ಮೆತ್ತಗಾಗುತ್ತದೆ. ಉಪ್ಪು ಕಡಿಮೆ ತಿನ್ನಬೇಕಾದವರು ಇದನ್ನು ಬಿಟ್ಟುಬಿಡಿ, ತೊಳೆದರೂ ಸ್ವಲ್ಪ ಒಳಗೇ ಉಳಿಯುತ್ತದೆ.

ಅಡುಗೆ ಸೋಡಾ ಬೇಡ. ಬೇಗ ಬೇಯುವುದೇನೋ ನಿಜ, ಆದರೆ ಥಯಾಮಿನ್, ಅಂದರೆ ಬಿ1 ಜೀವಸತ್ವ ನಾಶವಾಗುತ್ತದೆ. ರುಚಿಗೂ ಸಾಬೂನಿನ ಛಾಯೆ ಬರುತ್ತದೆ. ತೀರಾ ಗಡಸು ನೀರಾದರೆ ಚಿಟಿಕೆಯಷ್ಟು ಹಾಕಬಹುದು, ಅಷ್ಟೇ.

ನೆನೆದ ನೀರನ್ನು ಪೂರ್ತಿ ಚೆಲ್ಲಿ, ಕಾಳನ್ನು ಎರಡು ಸಲ ತೊಳೆಯಿರಿ. ಲೆಕ್ಟಿನ್‌ನ ಒಂದಷ್ಟು ಭಾಗ, ಹೊಟ್ಟೆಯಲ್ಲಿ ವಾಯು ಹುಟ್ಟಿಸುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳ ಒಂದಷ್ಟು ಭಾಗ ಈ ನೀರಿಗೆ ಇಳಿದಿರುತ್ತದೆ. 'ಸತ್ವವೆಲ್ಲ ಹೋಗುತ್ತದೆ' ಎಂದು ಅದೇ ನೀರಲ್ಲಿ ಬೇಯಿಸಿದರೆ ಹೊಟ್ಟೆಯುಬ್ಬರ ಖಚಿತ.

ನೆನೆಸಲು ಮರೆತಿದ್ದರೆ: ಕಾಳನ್ನು ಎರಡು ಮೂರು ನಿಮಿಷ ಕುದಿಸಿ, ಮುಚ್ಚಿ ಒಂದು ಗಂಟೆ ಬಿಡಿ, ನೀರು ಚೆಲ್ಲಿ. ಆ ಎರಡು ಮೂರು ನಿಮಿಷದ ಕುದಿಯನ್ನು ಮುಂದಿನ ಹಂತದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

3. ಕುದಿಸಿ. ನಿಜವಾಗಿಯೂ ಕುದಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಕಾಳು ಬೆರಳಿಗೆ ಮೆತ್ತಗೆ ಸಿಕ್ಕಿದರೆ ಬೆಂದಿತು ಎಂದುಕೊಳ್ಳುತ್ತಾರೆ. ಮೆತ್ತಗಾಗಲು 100 ಡಿಗ್ರಿ ಸೆಲ್ಸಿಯಸ್ ಬೇಕಿಲ್ಲ; 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಪಿಷ್ಟ ನೀರು ಹೀರಿ ಕಾಳು ಹಿಸುಕಲು ಬರುತ್ತದೆ. ಲೆಕ್ಟಿನ್ ಮಾತ್ರ ಆ ಬಿಸಿಗೆ ಬಗ್ಗುವುದಿಲ್ಲ. 80 ಡಿಗ್ರಿಯ ಆಸುಪಾಸು ಬೆಂದ ಕಾಳಿನ ವಿಷಗುಣ ಹಸಿ ಕಾಳಿಗಿಂತ ಐದು ಪಟ್ಟಿನವರೆಗೂ ಹೆಚ್ಚಬಹುದು. ಅರೆಬೆಂದದ್ದು ಹಸಿಯದಕ್ಕಿಂತ ಕೆಟ್ಟದ್ದು.

ಹೊಸ ನೀರು ಹಾಕಿ, ಕಾಳಿನ ಮೇಲೆ ನಾಲ್ಕು ಬೆರಳು ನಿಲ್ಲಬೇಕು. ದೊಡ್ಡ ಉರಿಯಲ್ಲಿಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವುದನ್ನು ಕುದಿ ಎನ್ನಬೇಡಿ. ಪಾತ್ರೆಯ ನಡುವೆಯೂ ದೊಡ್ಡ ಗುಳ್ಳೆ ಒಡೆಯುತ್ತ, ಸೌಟು ಆಡಿಸಿದರೂ ಕುದಿ ನಿಲ್ಲದಿದ್ದಾಗ ಗಡಿಯಾರ ನೋಡಿ. ಅಲ್ಲಿಂದ 30 ನಿಮಿಷ. 100 ಡಿಗ್ರಿಯಲ್ಲಿ ಲೆಕ್ಟಿನ್ ನಾಶವಾಗಲು 10 ನಿಮಿಷ ಸಾಕು. ಉಳಿದ 20 ನಿಮಿಷ ಆ ಬಿಸಿ ಪ್ರತಿ ಕಾಳಿನ ಒಡಲಿಗೂ ತಲುಪಲಿ ಎಂಬ ಭದ್ರತೆಗೆ. ನಡುವೆ ನೀರು ಇಂಗಿದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಸುರಿದು ಕುದಿ ನಿಂತರೆ, ಮತ್ತೆ ಕುದಿ ಹತ್ತುವವರೆಗಿನ ಹೊತ್ತನ್ನು ಲೆಕ್ಕದಿಂದ ಕಳೆಯಿರಿ. ಎತ್ತರದ ಪ್ರದೇಶಗಳಲ್ಲಿ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆ ಬಿಸಿಯಲ್ಲೇ ನೀರು ಕುದಿಯುತ್ತದೆ. ಅಲ್ಲಿ ತೆರೆದ ಪಾತ್ರೆಯ ಹಟ ಬಿಟ್ಟು ಕುಕ್ಕರ್ ಹಿಡಿಯಿರಿ.

ಅರ್ಧ ಗಂಟೆಯ ನಂತರ ಉರಿ ತಗ್ಗಿಸಿ, ಕಾಳು ಬೆಣ್ಣೆಯಂತಾಗುವವರೆಗೆ ಬೇಯಲಿ. ಕಾಳಿನ ವಯಸ್ಸು ನೋಡಿಕೊಂಡು ಒಟ್ಟು 45ರಿಂದ 90 ನಿಮಿಷ ಬೇಕಾಗುತ್ತದೆ.

ಸ್ಲೋ ಕುಕ್ಕರ್, ಅಂದರೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಒಳಗಿನ ಅಡುಗೆ ಎಷ್ಟೋ ಸಲ 75–80 ಡಿಗ್ರಿ ದಾಟುವುದೇ ಇಲ್ಲ. ಅಂದರೆ ಮೇಲೆ ಹೇಳಿದ ಅಪಾಯದ ಬಿಸಿ. 'ಬೆಳಿಗ್ಗೆ ಹಸಿ ಕಾಳು ಹಾಕಿ, ಸಂಜೆ ಬಡಿಸಿ' ಎನ್ನುವ ಪಾಕವಿಧಾನ ಕಂಡರೆ ಪುಟ ತಿರುವಿ. ಆ ಪಾತ್ರೆಯೇ ಬೇಕೆಂದಿದ್ದರೆ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿದ ಕಾಳನ್ನು ಹಾಕಿ. ಮೈಕ್ರೋವೇವ್‌ನಲ್ಲಿ ಬಿಸಿ ಒಂದೇ ಸಮ ಹರಡುವುದಿಲ್ಲ, ಅದನ್ನೂ ನಂಬಬೇಡಿ. ಹಸಿ ಕಾಳನ್ನೇ ಬೀಸಿದ ರಾಜ್ಮಾ ಹಿಟ್ಟನ್ನು ಪಾನೀಯಕ್ಕೆ ಕಲಸಿ ಕುಡಿಯುವುದಂತೂ ಬೇಡವೇ ಬೇಡ. ಮೊಳಕೆ ಬಂದ ರಾಜ್ಮಾ ಕೂಡ ಹಸಿಯೇ. ಹೆಸರುಕಾಳಿನಂತೆ ಕೋಸಂಬರಿಗೆ ಹಾಕುವ ವಸ್ತು ಅದಲ್ಲ.

ಪ್ರೆಷರ್ ಕುಕ್ಕರ್ ಎಲ್ಲಕ್ಕಿಂತ ಸುಲಭದ, ಸುರಕ್ಷಿತ ದಾರಿ. ಪೂರ್ಣ ಒತ್ತಡದಲ್ಲಿ ಒಳಗಿನ ಬಿಸಿ ಸುಮಾರು 120 ಡಿಗ್ರಿ. ಕಾಳು, ನೀರು ಸೇರಿ ಅರ್ಧ ಕುಕ್ಕರ್ ದಾಟದಿರಲಿ. ನೊರೆ ಉಕ್ಕಿ ಹಬೆಯ ರಂಧ್ರಕ್ಕೆ ಸಿಪ್ಪೆ ಸಿಕ್ಕಿಕೊಳ್ಳಬಹುದು. ಒಂದು ಚಮಚ ಎಣ್ಣೆ ನೊರೆ ತಗ್ಗಿಸುತ್ತದೆ. ಸೀಟಿ ಎಣಿಸುವ ರೂಢಿ ಇಲ್ಲಿ ಕೈಕೊಡುತ್ತದೆ. ಉರಿ ಜೋರಿದ್ದರೆ ನಾಲ್ಕು ಸೀಟಿ ಬೇಗ ಮುಗಿಯುತ್ತದೆ, ಸಣ್ಣಗಿದ್ದರೆ ಬಹಳ ಹೊತ್ತಾಗುತ್ತದೆ. ಮೊದಲ ಸೀಟಿಯಾದ ಮೇಲೆ ಉರಿ ತಗ್ಗಿಸಿ 12 ನಿಮಿಷ ಇಡಿ, ಒತ್ತಡ ತಾನಾಗಿ ಇಳಿಯಲಿ. ಗ್ಯಾಸ್ಕೆಟ್ ಸವೆದು ಬದಿಯಿಂದ ಹಬೆ ಸೋರುತ್ತಿದ್ದರೆ ಒತ್ತಡ ಏರಿಲ್ಲವೆಂದೇ ಅರ್ಥ.

4. ಹುಳಿ ಕೊನೆಗೆ

ಟೊಮೆಟೊ, ಹುಣಸೆಹಣ್ಣು, ವಿನೆಗರ್ ಯಾವುದೇ ಇರಲಿ, ಕಾಳು ಪೂರ್ತಿ ಮೆತ್ತಗಾದ ಮೇಲೆ ಹಾಕಿ. ಹುಳಿ ಸೇರಿದ ಕ್ಷಣದಿಂದ ಕಾಳು ಮೆತ್ತಗಾಗುವುದು ನಿಂತೇಹೋಗುತ್ತದೆ ಎನ್ನಬಹುದು. ಬಡಿಸುವಾಗ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವದಿಂದ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಆ ಲಾಭ ಹೋಯಿತು. ಒಂದು ಗಂಟೆ ತಡೆಯಿರಿ.

5. ಎಷ್ಟು ತಿನ್ನಬೇಕು

ನೂರು ಗ್ರಾಂ ಬೆಂದ ರಾಜ್ಮಾದಲ್ಲಿ 8–9 ಗ್ರಾಂ ಪ್ರೋಟೀನ್, 6–7 ಗ್ರಾಂ ನಾರು ಇದೆ. ಅಭ್ಯಾಸವಿಲ್ಲದವರು ಎರಡು ಮೂರು ಚಮಚದಿಂದ ಆರಂಭಿಸಿ, ಕೆಲವು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ. ಅದೇ ನೂರು ಗ್ರಾಂನಲ್ಲಿ 400 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಿ.

ಡಬ್ಬಿಯಲ್ಲಿ ಬರುವ ರಾಜ್ಮಾ ಆಗಲೇ ಬೆಂದಿರುತ್ತದೆ, ಲೆಕ್ಟಿನ್ ಭಯವಿಲ್ಲ. ಉಪ್ಪು ಮಾತ್ರ ಧಾರಾಳ. ರಸ ಬಸಿದು ಕಾಳನ್ನು ತೊಳೆದು ಬಳಸಿ.

6. ಉಳಿದದ್ದು

ಎರಡು ಗಂಟೆಯೊಳಗೆ ಅಗಲದ ಪಾತ್ರೆಗೆ ಸುರಿದು ಫ್ರಿಜ್‌ಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ. ಫ್ರೀಜರ್‌ನಲ್ಲಿಡುವುದಾದರೆ ಬೆಂದ ನೀರಿನೊಂದಿಗೇ ಇಡಿ, ಬರಿ ಕಾಳು ಒಣಗಿ ಸಿಪ್ಪೆ ಬಿಡುತ್ತದೆ. ನಾಶವಾದ ಲೆಕ್ಟಿನ್ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ಬಿಸಿ ಮಾಡುವಾಗ ಅರ್ಧ ಗಂಟೆಯ ಲೆಕ್ಕ ಬೇಕಿಲ್ಲ. ನಡುಭಾಗವೂ ಹಬೆಯಾಡುವಷ್ಟು ಬಿಸಿಯಾದರೆ ಆಯಿತು.