ಕೊಮೊಡೊ ದ್ವೀಪಗಳ ನಡುವೆ ಪಿನಿಸಿ ಹಡಗಿನಲ್ಲಿ: ಯೋಜನೆ ಹೀಗಿರಲಿ

ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಪಶ್ಚಿಮ ತುದಿಯಲ್ಲಿ ಲಬುವಾನ್ ಬಾಜೊ ಎಂಬ ಬಂದರು ಪಟ್ಟಣವಿದೆ. ಕೊಮೊಡೊ ರಾಷ್ಟ್ರೀಯ ಉದ್ಯಾನ ಸುತ್ತುವ ಮರದ ಹಡಗುಗಳು ಹೆಚ್ಚಾಗಿ ಇಲ್ಲಿಂದಲೇ ಹೊರಡುತ್ತವೆ. ಎರಡು ಕೂವೆಮರಗಳ (ಹಾಯಿ ಕಟ್ಟುವ ಕಂಬಗಳ) ಈ ಪಿನಿಸಿಗಳನ್ನು ದಕ್ಷಿಣ ಸುಲವೇಸಿಯ ಬಡಗಿಗಳು ಕಡಲದಂಡೆಯ ಮರಳಿನ ಮೇಲೆಯೇ ಕಟ್ಟುತ್ತಾರೆ. ಮೊದಲು ಹೊರಮೈ ಹಲಗೆ, ಆಮೇಲೆ ಒಳಗಿನ ಪಕ್ಕೆಲುಬು. ಈ ವಿದ್ಯೆ 2017ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಹೀಗೆ ಕಟ್ಟಿದ ಹಡಗಿನ ಒಡಲೊಳಗೆ ಈಗ ಎ.ಸಿ. ಕ್ಯಾಬಿನ್, ಬಿಸಿನೀರು, ಬಾಣಸಿಗ ಎಲ್ಲ ಉಂಟು. ಹಾಯಿ ಇದ್ದರೂ ಓಡುವುದು ಡೀಸೆಲ್‌ನಲ್ಲೇ. ಪ್ರವಾಸಿ ಹಡಗುಗಳಲ್ಲಿ ಹಾಯಿ ಬಿಚ್ಚುವುದು ಬಹುಮಟ್ಟಿಗೆ ಫೋಟೊಗೆ.

ಮೊದಲು ತಿಂಗಳು ಗೊತ್ತುಮಾಡಿ

ಟಿಕೆಟ್ ದರ ನೋಡಿ ದಿನ ಆರಿಸುವ ಚಾಳಿ ಇಲ್ಲಿ ಬೇಡ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಒಣಹವೆ. ಮಳೆ ಆಗಷ್ಟೇ ನಿಂತ ಏಪ್ರಿಲ್, ಮೇನಲ್ಲಿ ಗುಡ್ಡಗಳು ಹಸಿರಾಗಿರುತ್ತವೆ, ಆಮೇಲೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಜನಜಂಗುಳಿ, ಆಗ್ನೇಯದ ಗಾಳಿ ಎರಡೂ ಜೋರು. ಕೊಮೊಡೊ ಉಡಗಳಿಗೆ ಅದು ಬೆದೆಯ ಕಾಲವಾದ್ದರಿಂದ ಅವು ಕಣ್ಣಿಗೆ ಬೀಳುವುದೂ ಕಡಿಮೆ. ಜನವರಿ, ಫೆಬ್ರುವರಿಯಲ್ಲಿ ಕಡಲು ಕೆರಳಿದರೆ ಬಂದರು ಅಧಿಕಾರಿಗಳು ಹಡಗು ಬಿಡುವುದನ್ನೇ ನಿಲ್ಲಿಸುತ್ತಾರೆ. ಹಾಗಾದಾಗ ಹಣ ವಾಪಸೋ, ಬೇರೆ ದಿನವೋ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ತಲುಪುವುದು ಸುಲಭ. ಬೆಂಗಳೂರಿನಿಂದ ಬಾಲಿಗೆ 2024ರಲ್ಲಿ ನೇರ ವಿಮಾನ ಶುರುವಾಗಿದೆ, ಅಲ್ಲಿಂದ ಲಬುವಾನ್ ಬಾಜೊಗೆ ಸುಮಾರು ಒಂದು ತಾಸಿನ ಹಾರಾಟ. ಭಾರತೀಯರಿಗೆ 30 ದಿನದ ವೀಸಾ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಹಡಗು ಹೊರಡುವ ಹಿಂದಿನ ದಿನವೇ ಪಟ್ಟಣ ಸೇರಿಕೊಳ್ಳಿ. ವಿಮಾನ ತಡವಾದರೆ ನಿಮಗಾಗಿ ಹಡಗು ಕಾಯುವುದಿಲ್ಲ.

ಫೋಟೊ ನೋಡಿ ಹಡಗು ಆರಿಸಬೇಡಿ

ಡ್ರೋನ್‌ನಿಂದ ತೆಗೆದ ಫೋಟೊದಲ್ಲಿ ಎಲ್ಲ ಪಿನಿಸಿಯೂ ಸುಂದರ. ತಲೆಗಿಷ್ಟು ಎಂದು ಕೊಟ್ಟು ಅಪರಿಚಿತರ ಜತೆ ಹೋಗುವುದು 'ಓಪನ್ ಟ್ರಿಪ್'. ಇಡೀ ಹಡಗನ್ನೇ ಬಾಡಿಗೆಗೆ ಹಿಡಿಯುವುದು 'ಪ್ರೈವೇಟ್ ಟ್ರಿಪ್'. ಎರಡು ಮೂರು ಕುಟುಂಬ ಒಟ್ಟಾದರೆ ಎರಡನೆಯದರ ಖರ್ಚು ಅಷ್ಟೇನೂ ಹೆಚ್ಚಾಗುವುದಿಲ್ಲ.

ಮುಂಗಡ ಕೊಡುವ ಮೊದಲು ಕೇಳಬೇಕಾದ್ದು ಬಹಳ ಇದೆ. ಅತಿಥಿಗಳೆಷ್ಟು, ಸಿಬ್ಬಂದಿ ಎಷ್ಟು? ನಿಮ್ಮ ಕ್ಯಾಬಿನ್ ಯಾವ ಡೆಕ್‌ನಲ್ಲಿದೆ? ಕೆಳಡೆಕ್‌ನಲ್ಲಿ ಹೊಯ್ದಾಟ ಕಡಿಮೆ, ಆದರೆ ಎಂಜಿನ್, ಜನರೇಟರ್ ಪಕ್ಕದಲ್ಲಿದ್ದರೆ ರಾತ್ರಿಯಿಡೀ ಗುಂಯ್‌ಗುಡುವ ಸದ್ದು, ಜತೆಗೆ ಡೀಸೆಲ್ ವಾಸನೆ. ಮೇಲಿನ ಡೆಕ್‌ನಲ್ಲಿ ಗಾಳಿ, ನೋಟ ಚೆನ್ನ. ಅಲೆ ಎದ್ದಾಗ ಹೊಟ್ಟೆ ತೊಳಸುವುದೂ ಅಲ್ಲೇ ಹೆಚ್ಚು. ಕೆಳಡೆಕ್‌ನಿಂದ ಹೊರಬರಲು ಎರಡನೇ ದಾರಿ ಇದೆಯೇ? ಲೈಫ್ ಜಾಕೆಟ್ ತಲೆಗೊಂದರಂತೆ ಇದೆಯೇ, ಎಲ್ಲಿಟ್ಟಿದ್ದಾರೆ? ಲೈಫ್ ರಾಫ್ಟ್, ರೇಡಿಯೊ, ಹೊಗೆ ಅಲಾರಂ? ರಾತ್ರಿ ಓಡಿಸುತ್ತಾರೋ, ಲಂಗರು ಹಾಕಿ ನಿಲ್ಲುತ್ತಾರೋ? ಉದ್ಯಾನದ ಶುಲ್ಕ, ರೇಂಜರ್ ಶುಲ್ಕ ದರದಲ್ಲಿ ಸೇರಿದೆಯೇ? ಈ ಪ್ರಶ್ನೆಗಳಿಗೆ ಹಾರಿಕೆ ಉತ್ತರ ಕೊಡುವವರ ಸಹವಾಸ ಬೇಡ, ಎಷ್ಟೇ ರಿಯಾಯಿತಿ ಕೊಡಲಿ. ನನ್ನನ್ನು ಕೇಳಿದರೆ, ಬಾತ್‌ಟಬ್ ಇರುವ ಕ್ಯಾಬಿನ್‌ಗೆ ತೆರುವ ಹೆಚ್ಚುವರಿ ದುಡ್ಡನ್ನು ಇನ್ನೊಂದು ರಾತ್ರಿಗೆ ಹಾಕುವುದೇ ಮೇಲು. ಕ್ಯಾಬಿನ್‌ನಲ್ಲಿ ನೀವು ಮಲಗುವುದು ಬಿಟ್ಟರೆ ಇರುವುದೇ ಇಲ್ಲ.

ಸಸ್ಯಾಹಾರಿಗಳು ಒಂದು ಮಾತು ಬಿಡಿಸಿ ಹೇಳಬೇಕು: ಮೀನು ಬೇಡ, ಸಿಗಡಿಯೂ ಬೇಡ, 'ತೆರಾಸಿ'ಯೂ ಬೇಡ. ತೆರಾಸಿ ಎಂದರೆ ಹುಳಿಬರಿಸಿದ ಸಿಗಡಿಯ ಮುದ್ದೆ. ನೋಡಲು ನಮ್ಮ ಕೆಂಪು ಚಟ್ನಿಯಂತಿರುವ ಸಂಬಲ್‌ನಲ್ಲಿ ಸಾಮಾನ್ಯವಾಗಿ ಸೇರಿಕೊಂಡಿರುತ್ತದೆ. ತೆಂಪೆ (ಹುಳಿಬರಿಸಿದ ಸೋಯಾಕಾಳಿನ ಬಿಲ್ಲೆ), ತೋಫು, ಸೊಪ್ಪಿನ ಪಲ್ಯ ಬೇಕಾದಷ್ಟು ಸಿಗುತ್ತದೆ. ಚಟ್ನಿಪುಡಿ ಡಬ್ಬಿ ಒಂದಿದ್ದರೆ ಊಟದ ಚಿಂತೆಯಿಲ್ಲ.

ಹಡಗು ಹತ್ತಿದ ಮೇಲೆ

ಮೂರು ಹಗಲು ಎರಡು ರಾತ್ರಿಯ ಸುತ್ತು ಸಾಮಾನ್ಯ. ಪಾದಾರ್ ದ್ವೀಪದ ಗುಡ್ಡದ ಮೆಟ್ಟಿಲುಗಳನ್ನು ಸೂರ್ಯೋದಯಕ್ಕೆ ಮೊದಲೇ ಹತ್ತಿ. ಪಟ್ಟಣದಿಂದ ಸ್ಪೀಡ್‌ಬೋಟ್‌ಗಳು ಬಂದಿಳಿಯುವ ಹೊತ್ತಿಗೆ ನೀವು ಇಳಿದಾಗಿರುತ್ತದೆ. ರಾತ್ರಿ ಅಲ್ಲೇ ಆಸುಪಾಸು ಲಂಗರು ಹಾಕಿದವರಿಗೆ ಮಾತ್ರ ಸಾಧ್ಯವಾಗುವ ಅನುಕೂಲವಿದು. ಸಂಜೆ ಕಾಲೊಂಗ್ ದ್ವೀಪದ ಕಾಂಡ್ಲಾ ಕಾಡಿನಿಂದ ದೊಡ್ಡ ಬಾವಲಿಗಳು ಸಾಲುಗಟ್ಟಿ ಏಳುವುದನ್ನು ಡೆಕ್‌ನಲ್ಲಿ ಕೂತೇ ನೋಡಬಹುದು.

ಕೊಮೊಡೊ, ರಿಂಚಾ ದ್ವೀಪಗಳಲ್ಲಿ ರೇಂಜರ್ ಜತೆಯಿಲ್ಲದೆ ಹೆಜ್ಜೆ ಇಡುವಂತಿಲ್ಲ. ಅವರ ಕೈಯಲ್ಲಿ ಕೋವಿ ಇರುವುದಿಲ್ಲ, ತುದಿ ಕವಲೊಡೆದ ಉದ್ದ ಕೋಲಷ್ಟೇ. ಮೂರು ಮೀಟರ್‌ವರೆಗೆ ಬೆಳೆಯುವ ಉಡ ನೆರಳಿನಲ್ಲಿ ಗಲ್ಲ ನೆಲಕ್ಕೊತ್ತಿ ಬಿದ್ದುಕೊಂಡಿರುತ್ತದೆ. ಹಳದಿ ಸೀಳುನಾಲಿಗೆ ಆಗಾಗ ಹೊರಬಂದು ಒಳಹೋಗುವುದು ಬಿಟ್ಟರೆ ಚಲನೆಯೇ ಇಲ್ಲ. ಅದರ ಕಡಿತ ವಿಷಕಾರಿ, ಎದ್ದರೆ ಓಟವೂ ಚುರುಕು. ಮೈಮೇಲೆ ಗಾಯವಿದ್ದರೆ, ಮುಟ್ಟಿನ ದಿನವಾಗಿದ್ದರೆ ರೇಂಜರ್‌ಗೆ ಮೊದಲೇ ತಿಳಿಸಿ.

ನೀರಿಗಿಳಿಯುವಾಗ ಎಚ್ಚರ ಇನ್ನೂ ಹೆಚ್ಚಿರಲಿ. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ನೀರು ಈ ದ್ವೀಪಗಳ ಸಂದಿಯಲ್ಲಿ ನುಗ್ಗುವುದರಿಂದ ಸೆಳೆತ ವಿಪರೀತ. ಕರಾಂಗ್ ಮಕಾಸ್ಸರ್ ಎಂಬ ಕಡಲ ತಾಣದಲ್ಲಿ ಮಾಂಟಾ ರೇ ಎಂಬ ಭಾರಿ ತೊರಕೆ ಮೀನುಗಳನ್ನು ನೋಡುವುದೇ ಆ ಸೆಳೆತದ ಜತೆ ತೇಲಿಕೊಂಡು. ಎದುರು ಈಜಬೇಡಿ, ಲೈಫ್ ಜಾಕೆಟ್ ತೊಟ್ಟು ತೇಲಿ, ಸಾಕೆನಿಸಿದಾಗ ಕೈಯೆತ್ತಿದರೆ ಹಿಂದೆಯೇ ಬರುವ ಸಣ್ಣ ದೋಣಿ ಎತ್ತಿಕೊಳ್ಳುತ್ತದೆ. ಸ್ಕೂಬಾ ಮಾಡುವವರು ಕೊನೆಯ ಡೈವ್‌ಗೂ ಬಾಲಿಯ ವಿಮಾನಕ್ಕೂ ನಡುವೆ 24 ಗಂಟೆ ಬಿಟ್ಟು ವಾಪಸು ಟಿಕೆಟ್ ಮಾಡಿಸಿ.