ಮೊದಲ ದೊಡ್ಡ ಉಪ್ಪುನೀರಿನ ಟ್ಯಾಂಕ್: ಗಾಜಿಗೆ ಅಡ್ವಾನ್ಸ್ ಕೊಡೋ ಮುಂಚೆ ಈ ಲೆಕ್ಕ ಹಾಕ್ಕೊಳ್ಳಿ

ಮುಂಬೈಲಿ ಇರೋ ನಮ್ಮ ಕನ್ನಡದವರಲ್ಲೇ ಮೂರ್ನಾಲ್ಕು ಜನ ಈ ವರ್ಷ ನನ್ನ ಹತ್ರ ಕೇಳಿದ್ರು, ಮರೈನ್ ಟ್ಯಾಂಕ್ (ಸಮುದ್ರದ ಮೀನು ಸಾಕೋ ಉಪ್ಪುನೀರಿನ ಅಕ್ವೇರಿಯಂ) ಇಡ್ಬೇಕು ಎಷ್ಟಾಗುತ್ತೆ ಅಂತ. ಪ್ರತಿಯೊಬ್ರಿಗೂ ಫೋನಲ್ಲಿ ಹೇಳೋ ಬದ್ಲು ಎಲ್ಲಾ ಇಲ್ಲೇ ಬರೀತಾ ಇದೀನಿ. ನಾನು ಮುಲುಂಡ್‌ನಲ್ಲಿ ನಾಲ್ಕನೇ ಮಹಡಿಯ 2ಬಿಎಚ್‌ಕೆ ಹಾಲ್‌ನಲ್ಲಿ ಇಟ್ಟಿರೋದು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ್ದು, ಕೆಳಗೆ ಸಂಪ್ (ಮೇಲಿನ ನೀರು ಇಳಿದು, ಸೋಸಿ, ಪಂಪಲ್ಲಿ ಮತ್ತೆ ಮೇಲೆ ಹೋಗೋ ಚಿಕ್ಕ ಟ್ಯಾಂಕ್), ಬರೀ ಮೀನು, ಹವಳ ಇಲ್ಲ. ಮೊದಲ್ನೇ ಸಲ ಮಾಡೋರಿಗೆ ನಾನು ಹೇಳೋದೂ ಇದೇ ಸೈಜು. ಇದಕ್ಕಿಂತ ಚಿಕ್ಕದಾದ್ರೆ ಒಂದು ಮೀನು ಸತ್ರೂ ಇಡೀ ನೀರು ಕೆಡುತ್ತೆ, ಇದಕ್ಕಿಂತ ದೊಡ್ಡದಾದ್ರೆ ನಮ್ಮ ಬಿಲ್ಡಿಂಗ್ ಲಿಫ್ಟಲ್ಲಿ ಹೋಗಲ್ಲ.

ಮೊದಲು ದುಡ್ಡಿನ ಮಾತು. ಎಲ್ರೂ ಕೇಳೋದು "ಟ್ಯಾಂಕ್ ಎಷ್ಟಕ್ಕೆ ಬಿತ್ತು" ಅಂತ, ಅಲ್ಲೇ ಲೆಕ್ಕ ತಪ್ಪೋದು. ನನ್ನ ಡೈರಿಲಿ ಇರೋದನ್ನ ಹಾಗೇ ಹಾಕ್ತೀನಿ, ನಿಮ್ಮಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ: 12 ಎಂಎಂ ಗಾಜಿನ ಟ್ಯಾಂಕ್, ಓವರ್‌ಫ್ಲೋ ತೂತು ಕೊರೆಸಿ 24,000. ಕಬ್ಬಿಣದ ಸ್ಟ್ಯಾಂಡ್ ಪೌಡರ್ ಕೋಟಿಂಗ್ ಮಾಡಿಸಿ 17,000. ಸಂಪ್ 6,000, ರಿಟರ್ನ್ ಪಂಪ್ 9,000, ಪ್ರೋಟೀನ್ ಸ್ಕಿಮ್ಮರ್ (ನೊರೆ ಮಾಡಿ ಗಲೀಜು ತೆಗೆಯೋದು) 19,000, ಚಿಲ್ಲರ್ (ನೀರು ತಣ್ಣಗೆ ಮಾಡೋದು) 38,000, ವೇವ್‌ಮೇಕರ್ (ನೀರು ಅಲುಗಾಡಿಸೋ ಪಂಪ್) ಎರಡು ಸೇರಿ 9,000, ಲೈಟ್ 12,000, ಆರ್‌ಓಡಿಐ ಫಿಲ್ಟರ್ (ನೀರಲ್ಲಿ ಕರಗಿರೋ ಖನಿಜನೆಲ್ಲಾ ತೆಗೆಯೋದು) 9,500, ಉಪ್ಪು 20 ಕೆಜಿಯ ಎರಡು ಬಾಕ್ಸ್ 13,000, ಕಲ್ಲು 10,000, ಮರಳು 6,000, ಟೆಸ್ಟ್ ಕಿಟ್ ಮತ್ತೆ ಉಪ್ಪು ಅಳೆಯೋ ರಿಫ್ರ್ಯಾಕ್ಟೋಮೀಟರ್ 8,500, ಕ್ವಾರಂಟೈನ್ ಟ್ಯಾಂಕ್ (ಹೊಸ ಮೀನನ್ನ ಮೊದಲು ಬೇರೆ ಇಟ್ಟು ರೋಗ ಇದೆಯಾ ನೋಡೋಕೆ) ಅದರ ಸಾಮಾನು ಎಲ್ಲಾ 7,000, ಕರೆಂಟ್ ಕೆಲಸ 4,500. ಒಟ್ಟು 1,92,500, ಒಂದೇ ಒಂದು ಮೀನು ಬರೋ ಮುಂಚೆ. ಟ್ಯಾಂಕ್ ಅನ್ನೋ ಗಾಜಿನ ಡಬ್ಬಿ ಇದ್ರಲ್ಲಿ ಎಂಟನೇ ಒಂದು ಭಾಗ ಅಷ್ಟೇ. ಅದಕ್ಕೇ ನಾನು ಎಲ್ರಿಗೂ ಹೇಳೋದು, ಗಾಜಿನ ಆರ್ಡರ್ ಕೊನೇಲಿ ಕೊಡಿ, ಮೊದಲು ಚಿಲ್ಲರ್ ಮತ್ತೆ ಕ್ವಾರಂಟೈನ್ ದುಡ್ಡು ಬೇರೆ ತೆಗೆದಿಡಿ. ಟ್ಯಾಂಕ್ ಮನೆಗೆ ಬಂದ್ಮೇಲೆ ಖಾಲಿ ಗಾಜು ನೋಡ್ತಾ ಕೂರೋಕೆ ಯಾರಿಗೂ ಆಗಲ್ಲ, ದುಡ್ಡು ಮುಗಿದಿರುತ್ತೆ, ಮೀನು ತರೋ ಆಸೆ ಮುಗಿದಿರಲ್ಲ, ಆಗ ಬಿಡೋದು ಇವೆರಡನ್ನೇ.

ಚಿಲ್ಲರ್ ಬಿಟ್ರೆ ಏನಾಗುತ್ತೆ ಅಂತ ನಾನೇ ನೋಡಿದೀನಿ. ಮೊದಲ ವರ್ಷ ಮೇ ತಿಂಗಳು, ಚಿಲ್ಲರ್ ಮುಂದಿನ ಬೋನಸ್‌ಗೆ ನೋಡೋಣ ಅಂತ ಮುಂದಕ್ಕೆ ಹಾಕಿದ್ದೆ. ಆಫೀಸಿಂದ ಬಂದು ನೋಡಿದ್ರೆ ಥರ್ಮಾಮೀಟರ್ 31.6 ತೋರಿಸ್ತಾ ಇದೆ, ಮೀನೆಲ್ಲಾ ರಿಟರ್ನ್ ಪೈಪ್‌ನಿಂದ ನೀರು ಬೀಳೋ ಮೂಲೇಲಿ ಗುಂಪಾಗಿ ನಿಂತಿವೆ, ಕಿವಿರು ಪಟಪಟ ಅಂತ ಬಡ್ಕೋತಾ ಇವೆ. ನೀರು ಬಿಸಿ ಆದಷ್ಟೂ ಅದ್ರಲ್ಲಿ ಆಕ್ಸಿಜನ್ ಕಮ್ಮಿ, ಉಪ್ಪುನೀರಲ್ಲಿ ಮೊದಲೇ ಸಿಹಿನೀರಿಗಿಂತ ಕಮ್ಮಿ. ರಾತ್ರಿ ಎರಡು ಗಂಟೆವರೆಗೂ ನೀರಿನ ಬಾಟ್ಲಿ ಐಸ್ ಮಾಡಿ ಸಂಪ್‌ನಲ್ಲಿ ತೇಲಿಬಿಟ್ಟೆ, ಬೆಳಿಗ್ಗೆ ಹೊತ್ತಿಗೆ ಎರಡು ಹೋಗಿದ್ವು. ಪುಣೆಯಲ್ಲಿರೋ ನನ್ನ ಗೆಳೆಯ ನೀರಿನ ಮೇಲೆ ಫ್ಯಾನ್ ಹಾಕಿ ಬೇಸಿಗೆ ದಾಟಿಸ್ತಾನೆ, ಅಲ್ಲಿ ಗಾಳಿ ಒಣ, ನೀರು ಆವಿಯಾಗಿ ತಣ್ಣಗಾಗುತ್ತೆ. ಮುಂಬೈ, ಗೋವಾದ ಮೇ ತಿಂಗಳ ಅಂಟಂಟು ಗಾಳಿಲಿ ಫ್ಯಾನ್ ಅಷ್ಟು ಕೆಲಸ ಮಾಡಲ್ಲ, ಒಂದು ಡಿಗ್ರಿ ಇಳಿದ್ರೆ ಹೆಚ್ಚು. ಇಲ್ಲಿ ಚಿಲ್ಲರ್ ಬೇಕೇ ಬೇಕು, 26ಕ್ಕೆ ಸೆಟ್ ಮಾಡಿ. ಸ್ಟ್ಯಾಂಡ್ ಒಳಗೆ ಬಾಗಿಲು ಮುಚ್ಚಿ ಇಡ್ಬೇಡಿ, ಅದು ಬಿಡೋ ಬಿಸಿಗಾಳಿಯನ್ನ ಅದೇ ಮತ್ತೆ ಎಳ್ಕೊಳ್ಳುತ್ತೆ.

ಇನ್ನು ತಿಂಗಳ ಖರ್ಚು. ಪಂಪ್, ಸ್ಕಿಮ್ಮರ್, ವೇವ್‌ಮೇಕರ್ ಸೇರಿ ನನ್ನಲ್ಲಿ 115 ವ್ಯಾಟ್, 24 ಗಂಟೆ ಓಡಿದ್ರೆ ದಿನಕ್ಕೆ ಎರಡೂಮುಕ್ಕಾಲು ಯೂನಿಟ್, ಅಂದ್ರೆ 2.76. ಲೈಟ್ 100 ವ್ಯಾಟ್ 9 ಗಂಟೆ, 0.9. ಚಿಲ್ಲರ್ 250 ವ್ಯಾಟ್ ಬೇಸಿಗೇಲಿ 10 ಗಂಟೆ ಓಡುತ್ತೆ, 2.5. ದಿನಕ್ಕೆ 6 ಯೂನಿಟ್ ದಾಟುತ್ತೆ, ತಿಂಗಳಿಗೆ ಹತ್ರಹತ್ರ 190. ಈ 190 ನಿಮ್ಮ ಮಾಮೂಲಿ ಬಿಲ್ ಮೇಲೆ ಕೂರೋದ್ರಿಂದ ಮೇಲಿನ ಸ್ಲ್ಯಾಬ್ ರೇಟ್ ಬೀಳುತ್ತೆ, ಅದನ್ನ ಮರೀಬೇಡಿ, ನನಗೆ ಬೇಸಿಗೇಲಿ 2,200ರ ಹತ್ರ ಬರುತ್ತೆ. ವಾರಕ್ಕೆ 40 ಲೀಟರ್ ನೀರು ಬದಲಾಯಿಸ್ತೀನಿ, ತಿಂಗಳಿಗೆ 6 ಕೆಜಿ ಉಪ್ಪು, ಅದು 1,950. ಆಹಾರ, ಫಿಲ್ಟರ್ ಕಾರ್ಟ್ರಿಡ್ಜ್, ಟೆಸ್ಟ್ ಕಿಟ್ ರೀಫಿಲ್ ಎಲ್ಲಾ ಸೇರಿ ಇನ್ನೊಂದು ಸಾವಿರ. 5,000ದಿಂದ 5,500. ಇದನ್ನ ಮೂರು ತಿಂಗಳು ಟ್ಯಾಂಕ್ ಇಲ್ಲದೇನೇ ಬೇರೆ ಅಕೌಂಟ್‌ಗೆ ಹಾಕಿ ನೋಡಿ. ಮನೆ ಖರ್ಚಿಗೆ ತೊಂದ್ರೆ ಆಗ್ಲಿಲ್ಲ ಅಂದ್ರೆ ಮುಂದೆ ಹೋಗಿ, ಆ ದುಡ್ಡು ಹೇಗೂ ಸ್ಕಿಮ್ಮರ್‌ಗೆ ಆಗುತ್ತೆ.

ಜಾಗ. ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಸಂಪ್ ಎಲ್ಲಾ ಸೇರಿ ಈ 4 ಅಡಿ ಟ್ಯಾಂಕ್ 630 ಕೆಜಿ ಆಸುಪಾಸು ಬರುತ್ತೆ, ಅದೂ 8 ಚದರಡಿ ಜಾಗದ ಮೇಲೆ, ಅಂದ್ರೆ ಒಂಬತ್ತು ಜನ ಗಂಡಸರು ಒತ್ತೊತ್ತಾಗಿ ವರ್ಷಗಟ್ಟಲೆ ಒಂದೇ ಕಡೆ ನಿಂತ ಹಾಗೆ. ಮನೆ ನೆಲಕ್ಕೆ ನಮ್ಮ ದೇಶದ ಐಎಸ್ 875 ಕೋಡ್ ಹಿಡಿಯೋ ಲೆಕ್ಕ ಚದರ ಮೀಟರಿಗೆ ಸುಮಾರು 200 ಕೆಜಿ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ, ಹಾಗಾಗಿ ಒಂದು ಮೂಲೇಲಿ ಜಾಸ್ತಿ ಬಂದ ತಕ್ಷಣ ಬಿದ್ದುಹೋಗುತ್ತೆ ಅಂತಲ್ಲ, ಆದ್ರೆ ಸ್ಲ್ಯಾಬ್ ಮಧ್ಯೆ ಇಡ್ಬೇಡಿ, ಕೆಳಗೆ ಬೀಮ್ ಇರೋ ಗೋಡೆ ಪಕ್ಕ ಉದ್ದಕ್ಕೆ ಇಡಿ. ಹಳೇ ಬಿಲ್ಡಿಂಗ್ ಆದ್ರೆ, ಸ್ಲ್ಯಾಬ್‌ನಲ್ಲಿ ಲೀಕೇಜ್ ಇದ್ರೆ, ಸೊಸೈಟಿಗೆ ಸ್ಟ್ರಕ್ಚರಲ್ ಆಡಿಟ್ ಮಾಡಿದ ಇಂಜಿನಿಯರ್‌ನ ಒಂದು ಸಲ ಕರೆಸಿ ಕೇಳಿ. ನಾನು ಕೇಳಿದೆ, ಅವರು ಹಾಲ್‌ನ ನಾನಂದ್ಕೊಂಡ ಗೋಡೆ ಬೇಡ ಅಂದು ಅಡುಗೆಮನೆ ಕಡೆ ಗೋಡೆ ತೋರಿಸಿದ್ರು, ಅಲ್ಲೇ ಇಟ್ಟೆ.

ಆಮೇಲೆ ಹಳೇ ಪೇಪರ್ ಅಂಟಿಸಿ ಟ್ಯಾಂಕ್‌ನ ಅಳತೆಗೆ ಕತ್ತರಿಸಿ ನೆಲದ ಮೇಲೆ ಟೇಪ್ ಹಾಕಿ ಒಂದು ವಾರ ಬಿಡಿ. ನಮ್ಮನೇಲಿ ಮೂರನೇ ದಿನಕ್ಕೇ ಗೊತ್ತಾಯ್ತು ಬಾಲ್ಕನಿ ಬಾಗಿಲು ಪೂರ್ತಿ ತೆಗೆಯೋಕೆ ಬರಲ್ಲ ಅಂತ, ಮಧ್ಯಾಹ್ನದ ಬಿಸಿಲು ನೇರ ಅಲ್ಲಿಗೇ ಬೀಳುತ್ತೆ ಅಂತ. ಒಂದೂವರೆ ಅಡಿ ಸರಿಸಿದೆ. ಪೇಪರ್ ಸರಿಸೋದು ಸುಲಭ. ಟ್ಯಾಂಕ್ ಹಿಂದೆ ಕೈ ಹೋಗೋಷ್ಟು ಜಾಗ ಬಿಡಿ, ಲಿಫ್ಟ್ ಒಳಗಿನ ಅಳತೆ ಮತ್ತೆ ಮೆಟ್ಟಿಲಿನ ತಿರುವು ಎರಡೂ ಟೇಪ್ ಹಿಡಿದು ನೋಡಿ, ಖಾಲಿ ಗಾಜೇ 86 ಕೆಜಿ ಇರುತ್ತೆ. ಕರೆಂಟ್‌ಗೆ ಬೇರೆ 16 ಆಂಪ್ ಪಾಯಿಂಟ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಕಡ್ಡಾಯ, ಪ್ರತಿ ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗ್ಬೇಕು, ಆಗ ವೈರ್ ಮೇಲೆ ಹರಿದ ಹನಿ ಸಾಕೆಟ್‌ಗೆ ಹೋಗದೆ ಕೆಳಗೆ ಬೀಳುತ್ತೆ.

ನೀರಿನ ವಿಷ್ಯಕ್ಕೆ ಬಂದ್ರೆ ಕುಮಟಾದಿಂದ ಬಂದ ನಮ್ಮಮ್ಮ ಮೊದಲ ದಿನವೇ ಕೇಳಿದ್ಲು, "ತಮಾ, ಸಮುದ್ರ ಇಷ್ಟು ಹತ್ರ ಇಟ್ಕಂಡು ಉಪ್ಪಿಗೆ ಯಾಕೋ ದುಡ್ಡು?" ಅಂತ. ನ್ಯಾಯವಾದ ಪ್ರಶ್ನೆ. ಆದ್ರೆ ಜುಹು, ದಾದರ್ ದಡದ ನೀರಲ್ಲಿ ಊರಿನ ಕೊಳಚೆ ಸೇರುತ್ತೆ, ಮಳೆಗಾಲದಲ್ಲಿ ಹೊಳೆ ನೀರು ಬೆರೆತು ಉಪ್ಪು ಇಳಿಯುತ್ತೆ, ಕೆಸರು ಬೇರೆ. ಅದನ್ನ ಹಾಕ್ಬೇಡಿ. ಆರ್‌ಓಡಿಐ ನೀರಿಗೆ ಮರೈನ್ ಸಾಲ್ಟ್ ಬೆರೆಸೋದೇ ಸರಿ, ಲೀಟರಿಗೆ 36-37 ಗ್ರಾಂ, ಸಂಪ್ ಸೇರಿ 400 ಲೀಟರಿಗೆ 15 ಕೆಜಿ ಹಿಡಿಯುತ್ತೆ, ಸ್ಪೆಸಿಫಿಕ್ ಗ್ರ್ಯಾವಿಟಿ (ಉಪ್ಪು ಎಷ್ಟಿದೆ ಅಂತ ತೋರಿಸೋ ಅಳತೆ) 1.025ಕ್ಕೆ ಬರ್ಬೇಕು. ಅಡುಗೆ ಉಪ್ಪು ಆಗಲ್ಲ, ಸಮುದ್ರದ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಇರುತ್ತೆ. ಅಡುಗೆಮನೆ ಆರ್‌ಓ ನೀರೂ ಆಗಲ್ಲ, ಅದು ರುಚಿಗೆ ಅಂತ ಟಿಡಿಎಸ್ (ಕರಗಿದ ಖನಿಜ) ಸ್ವಲ್ಪ ಉಳಿಸುತ್ತೆ, ನಮಗೆ ಮೀಟರ್ ಸೊನ್ನೆ ತೋರಿಸ್ಬೇಕು. ಮುನಿಸಿಪಾಲಿಟಿ ಕೆರೆ ನೀರು ಬರೋರಿಗೆ ಡಿಐ ರೆಸಿನ್ (ಫಿಲ್ಟರ್‌ನಲ್ಲಿ ಉಳಿದ ಖನಿಜ ಹಿಡಿಯೋ ಹರಳು) ತುಂಬಾ ದಿನ ಬರುತ್ತೆ, ಟ್ಯಾಂಕರ್ ಅಥವಾ ಬೋರ್ ನೀರಿನ ಸೊಸೈಟಿಲಿ ಬೇಗ ಮುಗಿಯುತ್ತೆ, ಪುಣೆಯ ಹೊಸ ಲೇಔಟ್‌ಗಳಲ್ಲಿ ಇರೋರು ಇದನ್ನ ತಿಂಗಳ ಖರ್ಚಿಗೆ ಸೇರಿಸ್ಕೊಳ್ಳಿ. ಇನ್ನೊಂದು, ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಉಳಿಯುತ್ತೆ, ಹಾಗಾಗಿ ದಿನಾ ಕಮ್ಮಿ ಆದಷ್ಟು ಸಿಹಿನೀರೇ ತುಂಬ್ಬೇಕು.

ಹವಳ ಇಡ್ಬೋದಾ ಅಂತ ಕೇಳ್ತಾರೆ. ಬಂಡೆ ಕಟ್ಟೋ ಗಟ್ಟಿ ಹವಳ, ಸೀ ಫ್ಯಾನ್, ಸೀಹಾರ್ಸ್, ಸೀ ಕುಕುಂಬರ್ ಇವೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಇರೋ ಜೀವಿಗಳು. ಕೋಸ್ಟಲ್ ರೋಡ್ ಕಟ್ಟುವಾಗ ಹಾಜಿ ಅಲಿ, ವರ್ಲಿ ದಡದ ಹವಳನ ಸರಿಸೋಕೆ ಮುಂಬೈ ಮುನಿಸಿಪಾಲಿಟಿಯೇ ಪರ್ಮಿಷನ್ ತಗೊಂಡು 2020ರಲ್ಲಿ ಬೇರೆ ಕಡೆಗೆ ಸಾಗಿಸ್ಬೇಕಾಯ್ತು. ಸಮುದ್ರದಿಂದ ಕಿತ್ತ 'ಲೈವ್ ರಾಕ್' ಅಂತ ಯಾರಾದ್ರೂ ಮಾರಿದ್ರೆ ಅದೂ ಹವಳದ ಬಂಡೆಯೇ, ಮುಟ್ಬೇಡಿ. ಸೆರಾಮಿಕ್ ಅಥವಾ ಸಿಮೆಂಟಲ್ಲಿ ಮಾಡಿದ ತೂತುತೂತಿನ ಕಲ್ಲು ಸಿಗುತ್ತೆ, ಒಂದೆರಡು ತಿಂಗಳಲ್ಲಿ ಬ್ಯಾಕ್ಟೀರಿಯಾ ಅದ್ರಲ್ಲೇ ಮನೆ ಮಾಡ್ಕೊಳ್ಳುತ್ತೆ. ಹವಳ ಬೇಡ ಅಂದ್ರೆ ದುಬಾರಿ ಲೈಟೂ ಬೇಡ, ಬಜೆಟ್‌ನಲ್ಲಿ ಅಲ್ಲೇ 30-40 ಸಾವಿರ ಉಳಿಯುತ್ತೆ.

ಸೆಟಪ್ ಆದ ದಿನ ಮಾಡ್ಬೇಕಾದ ಟೆಸ್ಟ್ ಒಂದಿದೆ. ಎಲ್ಲಾ ಓಡ್ತಾ ಇರುವಾಗ ಮೇನ್ ಸ್ವಿಚ್ ಆಫ್ ಮಾಡಿ. ಮೇಲಿನ ನೀರು ಪೈಪಲ್ಲಿ ವಾಪಸ್ ಸಂಪ್‌ಗೆ ಇಳಿಯುತ್ತೆ, ಸಂಪ್ ತುಂಬಿ ಚೆಲ್ಲದೆ ನಿಂತ್ರೆ ಸರಿ. ಚೆಲ್ಲಿದ್ರೆ ಸಂಪ್‌ನ ಮಟ್ಟ ಇಳಿಸಿ ಅಲ್ಲೊಂದು ಗೆರೆ ಹಾಕಿ. 2020 ಅಕ್ಟೋಬರ್ 12ಕ್ಕೆ ಇಡೀ ಮುಂಬೈಗೆ ಕರೆಂಟ್ ಹೋಗಿದ್ದು ನೆನಪಿರ್ಬೋದು, ಇಲ್ಲಿ ಕರೆಂಟ್ ಹೋಗೋದೇ ಇಲ್ಲ ಅಂತ ನಂಬ್ಕೊಂಡಿದ್ದವರಿಗೆ ಅವತ್ತು ಗೊತ್ತಾಯ್ತು. ಚಿಲ್ಲರ್‌ಗೆ ಬ್ಯಾಕಪ್ ಬೇಡ, ಒಂದು ವೇವ್‌ಮೇಕರ್ ಇನ್ವರ್ಟರ್ ಮೇಲಿರ್ಲಿ, ಇಲ್ಲಾಂದ್ರೆ ಬ್ಯಾಟರಿ ಏರ್ ಪಂಪ್ ಇಟ್ಕೊಳ್ಳಿ, ನೀರು ಅಲುಗಾಡ್ತಾ ಇದ್ರೆ ಮೀನು ಬದುಕುತ್ತೆ.

ಆಮೇಲೆ ಮೀನಿನ ಗಲೀಜು ತಿನ್ನೋ ಬ್ಯಾಕ್ಟೀರಿಯಾ ಬೆಳೆಯೋವರೆಗೆ ಕಾಯೋದು, ಇದು ದುಡ್ಡಿಗಿಂತ ಕಷ್ಟ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾನ 2 ಪಿಪಿಎಂಗೆ ತನ್ನಿ, ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತೆ. ನಾಲ್ಕರಿಂದ ಆರು ವಾರ ಹಿಡಿಯುತ್ತೆ. 2 ಪಿಪಿಎಂ ಹಾಕಿದ ಮಾರನೇ ದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ್ರೆ ಟ್ಯಾಂಕ್ ರೆಡಿ. ಅಲ್ಲೀವರೆಗೆ ಡ್ಯಾಮ್ಸೆಲ್ ಅನ್ನೋ ಮೀನು ಬಿಟ್ಟು ಸೈಕಲ್ ಮಾಡಿ (ಬ್ಯಾಕ್ಟೀರಿಯಾ ಬೆಳೆಸಿ) ಅಂತ ಅಂಗಡಿಲಿ ಹೇಳ್ತಾರೆ, ಆ ಮೀನಿಗೆ ಅದು ಉರಿ, ಬದುಕಿ ಉಳಿದ್ರೆ ಮುಂದೆ ಬರೋರನ್ನೆಲ್ಲಾ ಅಟ್ಟಾಡಿಸುತ್ತೆ.

ಈ ಆರು ವಾರ ಮುಗಿಯೋ ಹೊತ್ತಿಗೆ ಮೊದಲ ಮೀನನ್ನ ಕ್ವಾರಂಟೈನ್‌ನಲ್ಲಿ ಇಡ್ಬೋದು. ಬೆಡ್‌ರೂಮ್ ಮೂಲೇಲಿ 2 ಅಡಿ ಟ್ಯಾಂಕ್, ಸ್ಪಂಜ್ ಫಿಲ್ಟರ್, ಅಡಗಿಕೊಳ್ಳೋಕೆ ಎರಡು ಪಿವಿಸಿ ಪೈಪ್ ತುಂಡು, ಅಷ್ಟೇ. ಸ್ಪಂಜನ್ನ ಮೊದಲೇ ಸಂಪ್‌ನಲ್ಲಿ ಹಾಕಿ ಬ್ಯಾಕ್ಟೀರಿಯಾ ಹಿಡಿಸಿರ್ಬೇಕು. ನಾನು ಇದನ್ನ ಬಿಟ್ಟು ಒಂದು ಅಂಗಡಿಯಿಂದ ತಂದ ಪೌಡರ್ ಬ್ಲೂ ಟ್ಯಾಂಗನ್ನ ನೇರ ಬಿಟ್ಟಿದ್ದೆ. ಐದನೇ ದಿನ ಬೆಳಿಗ್ಗೆ ಅದರ ಈಜುರೆಕ್ಕೆ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜೋಕೆ ಶುರು ಮಾಡ್ತು. ಮರೈನ್ ಇಕ್ ಅನ್ನೋ ಪರಾವಲಂಬಿ ರೋಗ ಅದು, ಹತ್ತೇ ದಿನದಲ್ಲಿ ಮೂರು ಮೀನು ಹೋದ್ವು, ಉಳಿದವನ್ನ ಹೊರಗೆ ತೆಗೆದು ಆ ಪರಾವಲಂಬಿ ಸಾಯ್ಲಿ ಅಂತ ದೊಡ್ಡ ಟ್ಯಾಂಕನ್ನ 76 ದಿನ ಮೀನಿಲ್ದೆ ಖಾಲಿ ಓಡಿಸ್ಬೇಕಾಯ್ತು. ಔಷಧಿ ತಾಮ್ರದ್ದು, ದೊಡ್ಡ ಟ್ಯಾಂಕಿಗೆ ಹಾಕಿದ್ರೆ ಸಿಗಡಿ, ಬಸವನಹುಳು ಎಲ್ಲಾ ಸಾಯುತ್ತೆ, ಕಲ್ಲೂ ತಾಮ್ರ ಹೀರಿಕೊಳ್ಳುತ್ತೆ. ಆ ಮೂರು ಮೀನಿನ ಬೆಲೆ ಕ್ವಾರಂಟೈನ್‌ಗೆ ಆಗೋ 7,000ಕ್ಕಿಂತ ಜಾಸ್ತಿ ಇತ್ತು, ಬೆಲೆ ಬಿಡಿ, ಅವು ನಮ್ಮ ಕಣ್ಣೆದುರೇ ಒದ್ದಾಡಿದ್ದು ನನಗೆ ಇವತ್ತಿಗೂ ಮರ್ತಿಲ್ಲ.

ಮೊದಲ ಮೀನು ಯಾವ್ದು ಅಂದ್ರೆ ಒಂದು ಜೋಡಿ ಕ್ಲೌನ್‌ಫಿಶ್, ಅದೂ ಹ್ಯಾಚರಿಯಲ್ಲಿ ಹುಟ್ಟಿದ್ದು. ಸಿಎಂಎಫ್‌ಆರ್‌ಐನೋರು (ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಇವನ್ನ ಮರಿ ಮಾಡೋ ವಿಧಾನ ಎಷ್ಟೋ ವರ್ಷದ ಹಿಂದೇನೇ ಕಂಡ್ಕೊಂಡಿದ್ದಾರೆ, ಹಾಗಾಗಿ ನಮ್ಮ ದೇಶದಲ್ಲೇ ಹುಟ್ಟಿದ್ದು ಸಿಗುತ್ತೆ. ಕುರ್ಲಾ, ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದಾಗ "ಹ್ಯಾಚರಿದಾ, ಸಮುದ್ರದ್ದಾ" ಅಂತ ಕೇಳಿ, ನಿಮ್ಮೆದುರು ಊಟ ಹಾಕಿಸಿ, ತಿಂದ್ರೆ ಮಾತ್ರ ತನ್ನಿ. ಬ್ಲೂ ಟ್ಯಾಂಗ್ 30 ಸೆಂಟಿಮೀಟರ್ ಬೆಳೆಯುತ್ತೆ, ನಾಲ್ಕಡಿಗೆ ಬೇಡ. ಮ್ಯಾಂಡರಿನ್ ಅನ್ನೋ ಮೀನು ಜೀವಂತ ಸಣ್ಣ ಹುಳ ಬಿಟ್ರೆ ಹೆಚ್ಚಾಗಿ ಬೇರೆ ತಿನ್ನಲ್ಲ, ಹೊಸ ಟ್ಯಾಂಕಲ್ಲಿ ಹಸಿದು ಸಾಯುತ್ತೆ. ತಿಂಗಳಿಗೆ ಒಂದೋ ಎರಡೋ, ಜಗಳಗಂಟ ಜಾತಿಯದ್ದು ಕೊನೇಲಿ.

ಕೊನೇದಾಗಿ ಊರಿಗೆ ಹೋಗೋ ಖರ್ಚು ಬರ್ಕೊಳ್ಳಿ. ಚೌತಿಗೆ ನಾವು ಆರು ದಿನ ಕುಮಟಾದಲ್ಲಿ ಇರ್ತೀವಿ, ದಿನಕ್ಕೆ ಮೂರ್ನಾಲ್ಕು ಲೀಟರ್ ಆವಿಯಾಗುತ್ತೆ, ತುಂಬ್ಸೋರು ಯಾರು? ಆಟೋ ಟಾಪ್‌ಅಪ್ 4,500, ವೈಫೈ ಕ್ಯಾಮೆರಾ 2,000. ಪಕ್ಕದ ಮನೆ ಕಾಕೂ ಕೈಲಿ ಊಟದ ಡಬ್ಬಿ ಪೂರ್ತಿ ಕೊಡ್ಬೇಡಿ, ಪ್ರೀತಿಯಿಂದ ಜಾಸ್ತಿ ಹಾಕಿಬಿಡ್ತಾರೆ. ವಾರದ ಮಾತ್ರೆ ಡಬ್ಬಿ ಮೆಡಿಕಲ್‌ನಲ್ಲಿ 60 ರೂಪಾಯಿಗೆ ಸಿಗುತ್ತೆ, ಒಂದೊಂದು ಖಾನೆಗೆ ಒಂದೊಂದು ದಿನದ ಚಿಟಿಕೆ ಊಟ ಹಾಕಿ, ಮುಚ್ಚಳದ ಮೇಲೆ ಮರಾಠಿಲಿ ವಾರ ಬರೆದು ಟ್ಯಾಂಕ್ ಪಕ್ಕ ಇಟ್ಟು ಬನ್ನಿ.